ತಳಕ್ಕಿಳಿಯದ ಸುಣ್ಣ

ಲೋಟದ ತಳ ಸ್ವಚ್ಛವಾಗಿ ಕಾಣುತ್ತಿತ್ತು. ಕಾಣಬಾರದಿತ್ತು.

ಹಿಂದಿನ ಸಂಜೆ ಗದಿಗೆಮ್ಮನ ಸುಣ್ಣ ತೆಗೆದ ಚಮಚ ತೊಳೆಯಲು ಬೇಸರವಾಗಿ, ಅದನ್ನು ಒಂದು ಗಾಜಿನ ಲೋಟದಲ್ಲಿ ಕ್ಯಾನಿನ ನೀರು ಹಾಕಿ ಅದ್ದಿಟ್ಟಿದ್ದೆ. ಉಪ್ಪಲ್‌ನಲ್ಲಿ ಒಂಟಿ ಮನುಷ್ಯನ ಅಡುಗೆಮನೆ, ಕೇಳುವವರಿಲ್ಲ. ಬೆಳಿಗ್ಗೆ ಹತ್ತಕ್ಕೆ ಚಹಾ ಸೋಸಲು ಲೋಟ ಬೇಕಾಗಿ ಎತ್ತಿಕೊಂಡೆ. ಚಮಚಕ್ಕೆ ಮೆತ್ತಿದ್ದ ಸುಣ್ಣವೆಲ್ಲ ಮಾಯ. ನೀರಿನ ಮೇಲೊಂದು ತೆಳು ಕೆನೆ, ಅಷ್ಟೆ. ಕೆಳಗೆ ಏನೂ ಇಲ್ಲ.

ನಾನು ಗುರುಬಸವ. ಮೂವತ್ತೊಂದು ವರ್ಷ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಈಗ ವಕೀಲರು ಕರೆದ ಕಡೆ ಹೋಗಿ, ಪೊಲೀಸರು ಕೇಳದೆ ಬಿಟ್ಟ ಪ್ರಶ್ನೆ ಕೇಳುವುದು ನನ್ನ ಕಸುಬು. ಎಂಟು ದಿನದ ಹಿಂದೆ ಸನತ್‌ನಗರದ ಒಂದು ಪ್ಯಾಕಿಂಗ್ ಶೆಡ್ಡಿನಲ್ಲಿ ಸೂಪರ್‌ವೈಸರ್ ಕಾಶಿನಾಥ, ಕಸ ಗುಡಿಸುವ ಗದಿಗೆಮ್ಮ ಹಚ್ಚಿಕೊಟ್ಟ ಎಲೆ-ಅಡಿಕೆ ತಿಂದು ಸತ್ತಿದ್ದ, ಅವಳು ಜೈಲಿನಲ್ಲಿದ್ದಳು, ಅವಳನ್ನು ಜಾಮೀನಿನ ಮೇಲೆ ಬಿಡಿಸಲು ವಕೀಲೆ ವತ್ಸಲಾ ನನ್ನನ್ನು ಹಚ್ಚಿದ್ದರು.

ಆ ಶೆಡ್ಡಿನಲ್ಲಿ ಲೋಹದ ಆಕ್ಸೈಡ್ ಪುಡಿಗಳನ್ನು, ಸುಣ್ಣದ ಕಲ್ಲನ್ನು ಡ್ರಮ್ಮಿನಿಂದ ತೆಗೆದು ಪೊಟ್ಟಣ ಕಟ್ಟುತ್ತಾರೆ. ಪಿಂಗಾಣಿ ಕಾರ್ಖಾನೆಗೆ ಕೆಲವು, ಶಾಲೆಗಳ ಪ್ರಯೋಗದ ಪೆಟ್ಟಿಗೆಗೆ ಕೆಲವು. ಆ ಪೆಟ್ಟಿಗೆಯ ಪ್ರಯೋಗ ನನಗೆ ಹೊಸದಲ್ಲ. ಪ್ರತಿ ಜೂನ್‌ನಲ್ಲಿ ಹುಡುಗರ ಮೊದಲ ಪಾಠ ಅದೇ: ಯಾವ ಲೋಹದ ಆಕ್ಸೈಡ್ ನೀರಿನಲ್ಲಿ ಎಷ್ಟು ಕರಗುತ್ತದೆ. ತಾಮ್ರದ್ದು ಕಪ್ಪು, ಕಬ್ಬಿಣದ್ದು ಕೆಂಪು, ಸತುವಿನದು ಬಿಳಿ. ಅವು ನೀರಿಗೆ ಜಗ್ಗುವುದೇ ಇಲ್ಲ, ಹಾಕಿದಷ್ಟೂ ತಳದಲ್ಲಿ. ಸುಣ್ಣ ಸ್ವಲ್ಪ ಕರಗುತ್ತದೆ, ಉಳಿದದ್ದು ತಳಕ್ಕೆ ಕೂತು ಗಾಜಿಗೆ ಅಂಟಿಕೊಳ್ಳುತ್ತದೆ. ಹುಡುಗರು ಬರೆದುಕೊಂಡು ಹೋಗುತ್ತಾರೆ. ತೊಳೆಯುವವನು ನಾನು. ಬರೆದವನಿಗಿಂತ ತೊಳೆದವನಿಗೆ ಹೆಚ್ಚು ಗೊತ್ತಿರುತ್ತದೆ. ಸುಣ್ಣ ಕೂತ ಗಾಜಿನ ನಳಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ನನ್ನ ಬೆರಳ ಚರ್ಮವೇ ಹೋಗಿದೆ.

ಮತ್ತೊಮ್ಮೆ ನೋಡಿದೆ. ಎರಡು ನಳಿಗೆ, ಎರಡರಲ್ಲೂ ಸಮ ನೀರು. ಒಂದರಲ್ಲಿ ಕೆಳಗಿನ ಪಾನ್ ಡಬ್ಬಾದಿಂದ ತಂದ ಸುಣ್ಣ, ಕಡಲೆಕಾಳಿನಷ್ಟು. ಇನ್ನೊಂದರಲ್ಲಿ ಗದಿಗೆಮ್ಮನ ಮನೆಯ ಗೋಡೆಗೂಡಿನ ಕುಡಿಕೆಯಿಂದ ನಾನೇ ತಂದ ಸುಣ್ಣ, ಅಷ್ಟೇ. ಪೊಲೀಸರು ಅವಳ ಸೊಂಟದ ಸುಣ್ಣದ ಡಬ್ಬಿ ಒಯ್ದಿದ್ದರು; ಆ ಡಬ್ಬಿಗೆ ಸುಣ್ಣ ತುಂಬಿಕೊಳ್ಳುತ್ತಿದ್ದ ಕುಡಿಕೆಯನ್ನು ಬಿಟ್ಟುಹೋಗಿದ್ದರು.

ಅಲ್ಲಾಡಿಸಿ ಇಟ್ಟೆ. ಪಾನ್ ಡಬ್ಬಾದ್ದು ಮಜ್ಜಿಗೆಯಾಗಿ, ಹತ್ತು ನಿಮಿಷಕ್ಕೆ ತಳದಲ್ಲಿ ಬಿಳಿ ಮಡ್ಡಿಯಾಗಿ ಕೂತಿತು. ಕುಡಿಕೆಯದ್ದು ನೀರಾಗಿ ಹೋಯಿತು.

ನಾನು ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಯಾಕೆಂದರೆ ಮೂರು ದಿನದ ಹಿಂದೆ ಇದೇ ಕೈಯಿಂದ ನಾನು ಬರೆದುಕೊಟ್ಟಿದ್ದೆ: ‘ಕುಡಿಕೆಯಲ್ಲಿರುವುದು ಬರೀ ಸುಣ್ಣ.’ ಅರಿಶಿನ ಹಾಕಿ ನೋಡಿದ್ದೆ, ಕುಂಕುಮದಂತೆ ಕೆಂಪಾಗಿತ್ತು. ಸೋಸಿದ ನೀರಿಗೆ ಕೊಳವೆಯಿಂದ ಉಸಿರು ಊದಿದ್ದೆ, ಹಾಲಾಗಿತ್ತು. ಇನ್ನೇನು ಬೇಕು ಎಂದು ದೊಡ್ಡ ಪಂಡಿತನಂತೆ ಸಹಿ ಹಾಕಿದ್ದೆ. ನನ್ನ ಹಳೆಯ ಪ್ರೊಫೆಸರ್ ಸುಹಾಸಿನಿ ಮೇಡಂ ನನ್ನ ಮಾತು ನಂಬಿ ಕೆಳಗೆ ತಮ್ಮ ಸಹಿಯನ್ನೂ ಹಾಕಿದ್ದರು. ಸರಕಾರಿ ವರದಿ ಬರಲು ಇನ್ನೂ ತಿಂಗಳು. ಅಲ್ಲಿಯವರೆಗೆ ಗದಿಗೆಮ್ಮನ ಪಾಲಿಗೆ ಇದ್ದದ್ದು ಆ ಒಂದು ಕಾಗದ.

ಅರಿಶಿನವನ್ನು ಕೆಂಪು ಮಾಡುವ, ಉಸಿರಿಗೆ ಹಾಲಾಗುವ ಬಿಳಿ ಪುಡಿ ಇನ್ನೊಂದಿದೆ. ಲ್ಯಾಬಿನಲ್ಲಿ ಅದರ ಬಾಟಲಿಗೆ ಬೀಗದ ಕಪಾಟು. ಬೇರಿಯಂ ಆಕ್ಸೈಡ್. ನೀರು ಬಿದ್ದರೆ ಸುಣ್ಣದ ಕಲ್ಲಿನಂತೆಯೇ ಕುದಿಯುತ್ತದೆ. ಸುಣ್ಣಕ್ಕೂ ಅದಕ್ಕೂ ಕಣ್ಣಿಗೆ ಕಾಣುವ ಭೇದ ಒಂದೇ: ಅದು ಪೂರಾ ಕರಗುತ್ತದೆ. ಮತ್ತೆ ಅದು ವಿಷ. ಇನ್ವರ್ಟರ್ ಬ್ಯಾಟರಿಯ ಆಸಿಡ್ ನೀರು ಒಂದು ಹನಿ ಬಿಟ್ಟು ನೋಡಿದೆ. ತಿಳಿನೀರು ತಟ್ಟನೆ ಬೆಳ್ಳಗೆ ಗಟ್ಟಿಯಾಯಿತು. ಸಂಶಯಕ್ಕೆ ಜಾಗ ಉಳಿಯಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹುಡುಗರಿಗೆ ಮೂವತ್ತೊಂದು ವರ್ಷ ಹೇಳಿದವನು ನಾನು. ಮಾಡಿದ್ದುಣ್ಣೋ ಮಹಾರಾಯ.

ಮಧ್ಯಾಹ್ನ ಎರಡೂವರೆಗೆ ಕೋರ್ಟಿನ ವರಾಂಡ ತಲುಪಿದೆ. ನಾಲ್ಕಕ್ಕೆ ಜಾಮೀನಿನ ವಿಚಾರಣೆ.

ಗೋಡೆಯ ಬದಿಯ ಬೆಂಚಿನ ಮೇಲೆ ಚಂದ್ರಾಮ ಕೂತಿದ್ದ, ತೊಡೆಯ ಮೇಲೆ ಟಿಫನ್ ಡಬ್ಬಿ. ಶೆಡ್ಡಿನ ಸ್ಟೋರು ನೋಡಿಕೊಳ್ಳುವವನು, ಗದಿಗೆಮ್ಮನ ಊರಿನವನೇ, ಸುರಪುರದ ಕಡೆಯವನು. ‘ಅಕ್ಕಗ ಹೆಂಗಾರ ಮಾಡಿ ಬಿಡಸ್ರಿ’ ಎಂದು ಮೊದಲು ನನ್ನ ಬಾಗಿಲು ಬಡಿದವನೂ ಅವನೇ.

“ಅಕ್ಕಗ ಒಂದೀಟು ರೊಟ್ಟಿ, ಪುಂಡಿಪಲ್ಲೆ ತಂದೀನ್ರಿ ಅಣ್ಣಾರ,” ಎಂದ. “ಇವತ್ತ ಬಿಡ್ತಾರಲ್ರಿ?”

ಅವನನ್ನು ದಾಟಿಹೋದೆ. ವತ್ಸಲಾ ಕಂಬದ ಪಕ್ಕದಲ್ಲಿ ಕಾಗದ ಜೋಡಿಸುತ್ತಿದ್ದರು. ಕೊಂಡಾಪುರದಲ್ಲಿ ಮನೆ ಮಾಡಿಕೊಂಡಿದ್ದರೂ ಬೀದರಿನ ಮಾತು ಬಿಟ್ಟವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, ಕಾಗದದ ಮೇಲಿನ ನನ್ನ ಸಹಿಯನ್ನೇ ನೋಡುತ್ತ ನಿಂತರು.

“ಇದನ್ನ ನನಗ ಹೇಳಬಾರದಿತ್ತು ನೀವು,” ಎಂದರು. “ಕೇಳಿದ ಮ್ಯಾಲ ಈ ಕಾಗದ ಜಡ್ಜ್ ಮುಂದ ನಾ ಹೆಂಗ ಇಡ್ಲಿ?”

“ಹೇಳದ ಇದ್ರ ನಾ ಹೆಂಗ ಇರ್ಲಿ ಮೇಡಂ?”

“ಹಂಗಾರ ಅಕಿ ಹಾಕ್ಯಾಳಂತೀರೇನು?”

“ಹಾಕಿಲ್ಲ. ಹಾಕಿದಾಕಿ ಕುಡಿಕೀನ ಗೂಡಿನಾಗ ಇಡ್ತಿರಲಿಲ್ಲ. ಅಕಿಗೆ ಇದು ಎಲ್ಲಿಂದ ಬಂತು, ಅದು ಗೊತ್ತಾಗಬೇಕು.”

ಅವರು ಕಾವಲಿಗಿದ್ದ ಮಹಿಳಾ ಕಾನ್‌ಸ್ಟೇಬಲ್‌ಗೆ ತೆಲುಗಿನಲ್ಲಿ ಏನೋ ಹೇಳಿ ಹತ್ತು ನಿಮಿಷ ಪಡೆದರು.

ಗದಿಗೆಮ್ಮ ಮೆಟ್ಟಿಲ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ನಲವತ್ತೈದರ ಹೆಂಗಸು, ಎಂಟು ದಿನದಲ್ಲಿ ಅರವತ್ತಾಗಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

“ಕೂಡ್ರವ್ವ. ಸುಣ್ಣ ಎಲ್ಲಿಂದ ತಂದಿ?”

“ಪ್ಯಾಟ್ಯಾಗಿಂದ್ರಿ.”

“ಯಾವ ಪ್ಯಾಟಿ? ಯಾವ ಅಂಗಡಿ?”

ಅವಳು ಕಾಲಿನ ಹೆಬ್ಬೆರಳು ನೋಡಿಕೊಂಡಳು. ಅದು ಸುಳ್ಳು ಎಂದು ನಮ್ಮಿಬ್ಬರಿಗೂ ತಿಳಿಯಿತು. ಬೇರೆ ದಾರಿ ಹಿಡಿದೆ. ಪೊಲೀಸರ ದೊಡ್ಡ ಅಸ್ತ್ರ ಒಂದಿತ್ತು: ದಿನಕ್ಕೆ ಹತ್ತು ಎಲೆ ತಿನ್ನುತ್ತಿದ್ದ ಹೆಂಗಸು ಒಂದು ತಿಂಗಳಿಂದ ಎಲೆ ಮುಟ್ಟಿಲ್ಲ, ಆದರೆ ಕಾಶಿನಾಥನಿಗೆ ಮಾತ್ರ ದಿನವೂ ಹಚ್ಚಿ ಕೊಡುತ್ತಿದ್ದಳು. ವಿಷ ಎಂದು ಗೊತ್ತಿಲ್ಲದಿದ್ದರೆ ತಾನೇಕೆ ತಿನ್ನಲಿಲ್ಲ?

“ಎಲಿ ಯಾಕ ಬಿಟ್ಟಿ? ಪೊಲೀಸರಿಗೂ ಹೇಳಿಲ್ಲಂತಲ್ಲ ನೀನು.”

“ಹರಕಿ ಹೇಳಿಕೊಂಡ್ರ ಫಲ ಹೋಗತೈತ್ರಿ ಅಣ್ಣಾರ.”

“ಈಗ ಹೇಳು. ದೇವರು ತಿಳಕೊಂತಾನ.”

ಅವಳು ಸೆರಗಿನ ತುದಿ ಸುತ್ತಿದಳು. “ಮಗಳು ಗುರುದೇವಿ ಚೊಚ್ಚಲ ಬಸುರಿ ಇದ್ಲು. ಹೆರಿಗಿ ಸುಸೂತ್ರ ಆಗಲಿ ಅಂತ ಎಲಿ ಬಿಟ್ಟೆ. ನಮ್ಮ ಮನ್ಯಾಗ ಕೂಸು ತೊಟ್ಟಲಕ್ಕ ಹಾಕೋತನಕ ಬಾಣಂತಿಗೂ ಎಲಿ ಕೊಡೂದಿಲ್ರಿ. ತೊಟ್ಟಲ ದಿನ ಮೊದಲನೇ ಎಲಿ ಅಕಿ ತಿನ್ನಬೇಕು, ಆಮ್ಯಾಲ ನಾ ತಿನ್ನಾಕಿ.”

“ಕೂಸು ಆಗೇತಿ?”

“ಗಂಡು ಕೂಸ್ರಿ.” ಎಂಟು ದಿನದಲ್ಲಿ ಅವಳು ನಗುವುದನ್ನು ಮೊದಲ ಸಲ ಕಂಡೆ. “ಇವತ್ತಿಗೆ ಹದಿಮೂರು. ಇವತ್ತ ಮೂರು ಹೊಡೆದ ಮ್ಯಾಲ ತೊಟ್ಟಲ. ನಾ ಇಲ್ಲಿ ಕುಂತೀನಿ ನೋಡ್ರಿ.”

ವಾಚು ನೋಡಿದೆ. ಮೂರಕ್ಕೆ ಹತ್ತು ನಿಮಿಷ. ಮುಂದಿನ ಪ್ರಶ್ನೆ ಕೇಳಲು ನನಗೆ ಹೆದರಿಕೆಯಾಯಿತು.

“ಆ ಎಲಿಗೆ ಸುಣ್ಣ ಯಾರದವ್ವ?”

“ನಾನ ಕಳಿಸೀನ್ರಿ. ಅರ್ಧ ಕುಡಿಕ್ಯಾಗ ಇಟ್ಟೆ, ಅರ್ಧ ಬಾಣಂತಿ ಗಂಟಿನಾಗ ಹಾಕಿದೆ. ಎಲಿ ಅಕಿಗೆ. ಹೊಟ್ಟಿ ಉಬ್ಬಿದ್ರ ಸುಣ್ಣದ ತಿಳಿ ಕೂಸಿಗೆ, ಒಂದ ಹನಿ. ನನಗೂ ನಮ್ಮವ್ವ ಹಂಗ ಕೊಟ್ಟಿದ್ಲು.”

ಪಕ್ಕದಲ್ಲಿ ನಿಂತಿದ್ದ ವತ್ಸಲಾ ಫೋನು ಕೈಗೆ ತೆಗೆದುಕೊಂಡರು.

“ಗದಿಗೆಮ್ಮ, ಅದು ಸುಣ್ಣಲ್ಲ,” ಎಂದೆ. “ಕಾಶಿನಾಥನ ಕೊಂದದ್ದು ಅದ. ಯಾರ ಕೊಟ್ರು ನಿನಗ?”

ಅವಳ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಆಮೇಲೆ ಎರಡೂ ಕೈಯಿಂದ ನನ್ನ ತೋಳು ಹಿಡಿದಳು. ಮಾತೆಲ್ಲ ಒಂದೇ ಉಸಿರಿನಲ್ಲಿ ಬಂತು.

“ಕಾಶಿನಾಥ ಸರನ ಕೊಟ್ರು. ಹೆರಿಗಿಗೆ ಊರಿಗೆ ಹೋಗತೀನಿ ಅಂದ್ರ ರಜಾ ಕೊಡಲಿಲ್ಲ, ಜಗಳಾದೆ, ಎಲ್ಲಾರೂ ನೋಡ್ಯಾರ. ಮರುದಿನ ಅವರಿಗೆ ಮನಸ್ಸಿಗೆ ಹತ್ತಿತು. ‘ಬಾಣಂತಿಗೆ ಕಳಸವ್ವ, ಅಂಗಡ್ಯಾಗಿನಕಿಂತ ಭಾಳ ಚಲೋ ಸುಣ್ಣ’ ಅಂತ ಸ್ಟೋರಿನಿಂದ ಕಲ್ಲು ತೆಗಿಸಿ, ಕಾಗದದಾಗ ಸುತ್ತಿ ಕೊಟ್ರು. ನೀರು ಹಾಕಿದ್ರ ಕೊತಕೊತ ಕುದಿತು, ಸುಣ್ಣ ಕುದ್ದಂಗ. ಚಲೋ ಐತಿ ಅಂದಕೊಂಡೆ. ಯಾರಿಗೂ ಹೇಳಬ್ಯಾಡ ಅಂದಿದ್ರು. ಸತ್ತವರ ಮ್ಯಾಲ ಕಳವು ಹೇರಬಾರದಂತ ನಾ ಹೇಳಲಿಲ್ಲ.”

ಒಬ್ಬ ಮನುಷ್ಯ ಮನಸ್ಸು ಕರಗಿ ಒಂದು ಒಳ್ಳೆಯ ಕೆಲಸ ಮಾಡಿದ್ದ. ಅದರಿಂದಲೇ ಸತ್ತಿದ್ದ. ಸ್ಟೋರಿನಲ್ಲಿ ಸುಣ್ಣದ ಡ್ರಮ್ಮಿಗೆ ಆ ಕಲ್ಲು ಹೇಗೆ ಬಂತು, ಯಾರ ಕೈ ಅದನ್ನು ತೆಗೆದುಕೊಟ್ಟಿತು ಎಂದು ನಾನು ಆಗಲೇ ಯೋಚಿಸಬೇಕಿತ್ತು. ನನ್ನ ತಲೆಯಲ್ಲಿ ಇದ್ದದ್ದು ಗಡಿಯಾರ ಮಾತ್ರ.

“ಊರಿಗೆ ಫೋನ್ ಹಚ್ಚಬೇಕು. ನಂಬರ ಹೇಳು.”

“ನನಗ ಓದಾಕ ಬರೂದಿಲ್ಲಲ್ರಿ. ಮಗಳ ಫೋಟೋ ಒತ್ತಿದ್ರ ಹತ್ತತಿತ್ತು. ಫೋನು ಪೊಲೀಸರು ಒಯ್ದಾರ.”

ವತ್ಸಲಾ ಆಗಲೇ ತಮ್ಮ ಫೋನಿನಲ್ಲಿ ಯಾದಗಿರಿಯ ಪೊಲೀಸ್ ಕಂಟ್ರೋಲ್ ರೂಮು ಹುಡುಕುತ್ತ ವರಾಂಡದ ತುದಿಗೆ ಓಡಿದ್ದರು. ನಾನು ಬೆಂಚಿನ ಕಡೆ ಹೋದೆ.

“ಚಂದ್ರಾಮ, ಗುರುದೇವಿ ನಂಬರ ಐತೇನಪ್ಪ ನಿನ್ನ ಕಡಿ? ಊರಾಗಿನ ಯಾರದರ?”

ಅವನು ಟಿಫನ್ ಡಬ್ಬಿಯ ಮುಚ್ಚಳ ತಿರುಗಿಸಿದ. “ಇಲ್ರಿ ಅಣ್ಣಾರ. ಹೋದ ವಾರ ಫೋನು ನೀರಾಗ ಬಿತ್ತು, ಎಲ್ಲಾ ನಂಬರ ಹೋದವು. ಯಾಕ್ರಿ?”

ಯಾಕೆಂದು ಹೇಳಲು ಪುರಸೊತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ವೆಂಕಟೇಶ ಕೋರ್ಟು ಹಾಲಿನ ಹಿಂಬಾಗಿಲಲ್ಲಿ ಫೈಲು ಹಿಡಿದು ನಿಂತಿದ್ದ. ಜಹೀರಾಬಾದಿನವನು, ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಾನೆ. ಅವನ ಬಗಲಿನ ಚೀಲದಲ್ಲಿ ಗದಿಗೆಮ್ಮನ ಫೋನಿತ್ತು. ಇವತ್ತು ಕೋರ್ಟಿಗೆ ಒಪ್ಪಿಸುವ ವಸ್ತುಗಳಲ್ಲಿ ಅದೂ ಒಂದು.

“ಏನ್ ಅಟೆಂಡರ್ ಸಾಬ್, ಇವತ್ತ ಯಾವ ಬಣ್ಣದ ನೀರು ತಂದೀರಿ?”

ವಿಷಯ ಹೇಳಿದೆ. ಫೋನು ಬೇಕು, ಒಂದೇ ಒಂದು ಕರೆ, ಒಂದು ಬಾಣಂತಿಯ ಜೀವ ಎಂದೆ.

ಅವನು ಗೇಲಿ ಬಿಟ್ಟ. ಫೈಲು ಮುಚ್ಚಿದ.

“ಅಂದ್ರ ಅಕಿ ಮನಿ ಕುಡಿಕ್ಯಾಗ ಇದ್ದದ್ದು ಜಹರು.”

“ಹೌದ್ರಿ. ಆದ್ರ ಅಕಿಗೆ ಗೊತ್ತಿರಲಿಲ್ಲ.”

“ಗೊತ್ತಿತ್ತೋ ಇಲ್ಲೋ ಕೋರ್ಟು ನೋಡ್ತದ. ಮೂರು ದಿನದ ಹಿಂದ ಸುಣ್ಣ ಅಂತ ಬರದ ಕೊಟ್ಟವರು ನೀವ. ಈಗ ಜಹರು ಅಂತೀರಿ. ಫೋನ್ ಹಚ್ಚಿ ಕೊಟ್ಟ ಮ್ಯಾಲ ನಾಲ್ಕಕ್ಕ ಮತ್ತ ಸುಣ್ಣ ಅಂದ್ರ? ಸೀಲ್ ಒಡೆದದ್ದಕ್ಕ ನನ್ನ ನೌಕರಿ ಹೋಗ್ತದ.” ಫೈಲಿನಿಂದ ಒಂದು ಬಿಳಿ ಹಾಳೆ ಎಳೆದ. “ಬರೀರಿ. ಗದಿಗೆಮ್ಮನ ಮನ್ಯಾಗಿನ ಕುಡಿಕ್ಯಾಗ ಸಿಕ್ಕದ್ದು ಸುಣ್ಣಲ್ಲ, ವಿಷ. ಹಿಂದಿನ ಕಾಗದ ತಪ್ಪು. ಸಹಿ ಮಾಡ್ರಿ. ಆ ಕ್ಷಣಕ್ಕ ಫೋನ್ ತೆಗೀತೀನಿ.”

“ಸ್ಟೋರಿನಿಂದ ಬಂದದ್ದು ಅಂತ ಸೇರಸ್ತೀನಿ.”

“ಅದು ಅಕಿ ಹೇಳಿದ್ದು, ನೀವು ನೋಡಿದ್ದಲ್ಲ. ನೀವು ನೋಡಿದ್ದಷ್ಟ ಬರೀರಿ.”

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು, ಅದೇ ನನ್ನನ್ನು ಕೊಂದದ್ದು. ಬರೆದರೆ ತಾಯಿ ಹೊರಗೆ ಬರುವುದಿಲ್ಲ. ಬರೆಯದಿದ್ದರೆ ಮಗಳು ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಕಣ್ಣಿಗೆ ನೀರು ಬಂತು, ನಾಚಿಕೆಯಾಗಲಿಲ್ಲ.

ಹಿಂದಿನಿಂದ ಗದಿಗೆಮ್ಮ ಬಂದಿದ್ದಳು. ಕಾನ್‌ಸ್ಟೇಬಲ್ ಅವಳ ತೋಳು ಹಿಡಿದಿದ್ದಳು, ಆದರೆ ತಡೆದಿರಲಿಲ್ಲ.

“ಬರೀರಿ ಅಣ್ಣಾರ,” ಎಂದಳು.

“ಬರದ್ರ ನೀ ಒಳಗ ಉಳೀತಿ ತಂಗೆವ್ವ. ಎಷ್ಟು ವರ್ಷನೋ.”

“ಉಳೀತೀನಿ. ಲಗೂ ಬರೀರಿ.”

ಗೋಡೆಗೆ ಹಾಳೆ ಇಟ್ಟು ಬರೆದೆ. ಮೂವತ್ತೊಂದು ವರ್ಷ ಬಾಟಲಿಗಳ ಮೇಲೆ ಚೀಟಿ ಬರೆದ ಕೈ, ಅಕ್ಷರ ದುಂಡಗೆ ಬಂದವು. ಸಹಿ ಹಾಕುವಾಗ ಗಡಿಯಾರದಲ್ಲಿ ಮೂರು ಹನ್ನೆರಡು.

ವೆಂಕಟೇಶ ಹಾಳೆಯನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟ. ಆಡಿದ ಮಾತಿಗೆ ತಪ್ಪಲಿಲ್ಲ. ಲಕೋಟೆಯ ಅರಗು ಒಡೆದು ಫೋನು ತೆಗೆದ. ಗುಂಡಿ ಒತ್ತಿದ. ಪರದೆ ಬೆಳಗಿತು, ಕಂಪನಿಯ ಹೆಸರು ತೋರಿಸುತ್ತ ನಿಂತೇಬಿಟ್ಟಿತು. ನಾವು ನಾಲ್ಕು ಜನ ಆ ಬೆಳಕಿನ ಸುತ್ತ ತಲೆ ಸೇರಿಸಿ ಕಾದೆವು. ಬ್ಯಾಟರಿ ಶೇಕಡ ಆರು.

ವತ್ಸಲಾ ಓಡಿಬಂದರು. “ಕಂಟ್ರೋಲ್ ರೂಮಿನವರು ಊರ ಹೆಸರು ಬರಕೊಂಡಾರ. ಸ್ಟೇಶನ್ನಿಗೆ ಹೇಳ್ತೀವಿ ಅಂತಾರ. ಅಲ್ಲಿಂದ ಊರು ಹದಿನಾಲ್ಕು ಕಿಲೋಮೀಟರ್ ಅಂತ,” ಎಂದವರು ಇನ್‌ಸ್ಪೆಕ್ಟರ್ ಜೇಬಿನಿಂದ ಇಣುಕುತ್ತಿದ್ದ ಹಾಳೆ ಕಂಡು, ನನ್ನ ಮುಖ ನೋಡಿದರು.

ಗದಿಗೆಮ್ಮ ಮಗಳ ಫೋಟೋ ಒತ್ತಿದಳು. ಗಂಟೆ ಹೋಗಿ ಹೋಗಿ ಕಡಿಯಿತು. ಮತ್ತೆ ಒತ್ತಿದಳು. ವೆಂಕಟೇಶ ಸ್ಪೀಕರ್ ಹಾಕಿದ.

ಮೊದಲು ಕೇಳಿದ್ದು ಹೆಂಗಸರ ದನಿ. ನಾಲ್ಕೈದು ಜನ ಸೇರಿ ಜೋಗುಳ ಹಾಡುತ್ತಿದ್ದರು. ಬೆಂಚಿನ ಮೇಲಿದ್ದವರು ಕೂಡ ತಿರುಗಿ ನೋಡುವಷ್ಟು ಜೋರಾಗಿತ್ತು.

“ಅವ್ವಾ? ಬಿಟ್ರೇನು ನಿನ್ನ?”

“ಗುರುದೇವಿ, ಎಲಿ ತಿನ್ನಬ್ಯಾಡ. ಬಾಯಾಗಿದ್ರ ಉಗುಳು. ಸುಣ್ಣ ಚಲೋ ಇಲ್ಲ.”

“ತಿಂದ ಮುಗಿಸಿದ್ನಲ್ಲ ಬೇ. ತೊಟ್ಟಲಕ್ಕ ಹಾಕಿ ಆಗಲೇ ಕಾಲು ತಾಸಾತು. ನಿನ್ನ ಪಾಲಿಂದೂ ನಾನ ತಿಂದೆ, ಹರಕಿ ಕೆಡಬಾರದಂತ.” ಅವಳು ಸ್ವಲ್ಪ ನಕ್ಕಳು. “ನಾಲಿಗಿ ಸುಡಾಕತ್ತೈತಿ. ಹೊಟ್ಟ್ಯಾಗೂ ಒಂಥರಾ ಆಗಾಕತ್ತೈತಿ. ಬಾಣಂತಿ ಹೊಟ್ಟಿ ಹಂಗ ಅಂತ ಅಜ್ಜಿ ಅಂದ್ಲು.”

ಗದಿಗೆಮ್ಮ ಗೋಡೆ ಹಿಡಿದು ಕೆಳಗೆ ಕೂತಳು. ನಾನು ಫೋನಿನ ಹತ್ತಿರ ಬಾಗಿದೆ.

“ತಂಗೀ, ನಾನು ನಿಮ್ಮವ್ವನ ಕಡಿಯಾಂವ. ಈಗಿಂದೀಗ ದೊಡ್ಡ ದವಾಖಾನಿಗೆ ನಡಿ. ಯಾರದರ ಗಾಡಿ ತರಿಸು. ಸುಣ್ಣದಾಗ ಬೇರಿಯಂ ಐತಿ ಅಂತ ಡಾಕ್ಟರಗ ಹೇಳು. ಬೇ-ರಿ-ಯಂ. ಕೂಸಿಗೇನರ ತಿಳಿ ಕುಡಿಸೀರೇನು?”

“ಇಲ್ರಿ, ಕೂಸಿಗೆ ಕೊಟ್ಟಿಲ್ಲ,” ಎಂದಳು. ದನಿಯಲ್ಲಿ ನಗು ಹೋಗಿತ್ತು. “ಗಂಟು ತಂದ ಕೊಡುವಾಗ ಚಂದ್ರಾಮ ಕಾಕಾ ಹೇಳಿದ್ದ. ಎಲಿಗೆ ನೀ ಬೇಕಾದಷ್ಟು ಹಚ್ಚಿಕೊ, ಕೂಸಿಗೆ ಮಾತ್ರ ಈ ಸುಣ್ಣ ಮುಟ್ಟಸಬ್ಯಾಡ ಅಂದ. ಮೊನ್ನೆ ಫೋನಿನಾಗೂ ಮತ್ತ ಅದ ಹೇಳಿದ. ಅವಗ ಮೊದಲ ಗೊತ್ತಿತ್ತೇನ್ರಿ?”

ನಾನು ತಲೆ ಎತ್ತಿದೆ. ನಂಬರೆಲ್ಲ ಹೋದವು ಎಂದವನು ಮೊನ್ನೆ ಫೋನ್ ಮಾಡಿದ್ದ; ಸ್ಟೋರಿನ ಡ್ರಮ್ಮುಗಳೂ ಅವನ ಕೈಯಲ್ಲೇ ಇದ್ದವು. ಬೆಂಚಿನ ಮೇಲೆ ಚಂದ್ರಾಮ ಹಾಗೆಯೇ ಕೂತಿದ್ದ. ಟಿಫನ್ ಡಬ್ಬಿಯ ಮುಚ್ಚಳವನ್ನು ಬಿಗಿ ಮಾಡುತ್ತಿದ್ದ.